ನೆಲ ಒದ್ದೆ, ಸೆಖೆ ಹಾಗೇ: ಮಿಸ್ಟಿಂಗ್ ಎಡವುವುದು ಎಲ್ಲಿ?

ಪ್ರಶ್ನೆ: ತಾರಸಿಯಲ್ಲಿ 8 ಮೀಟರ್ ಉದ್ದ, 4 ಮೀಟರ್ ಅಗಲದ ಜಾಗಕ್ಕೆ ಶೀಟಿನ ಮಾಡು ಹಾಕಿಸಿ ಕುರ್ಚಿ, ಮೇಜು ಇಟ್ಟಿದ್ದೇವೆ. ಸುತ್ತಲೂ ತೆರೆದೇ ಇದೆ. ಬೇಸಿಗೆಗೆಂದು ನಲ್ಲಿಗೆ ನೇರವಾಗಿ ಸಿಕ್ಕಿಸುವ, ನೀರನ್ನು ಮಂಜಿನಂತೆ ಸಿಂಪಡಿಸುವ ಮಿಸ್ಟಿಂಗ್ ಕಿಟ್ ತಂದು ಮಾಡಿನ ಅಂಚಿಗೆ ಕಟ್ಟಿದೆವು. ನೆಲ, ಕುರ್ಚಿ ಎಲ್ಲ ಒದ್ದೆಯಾಗುತ್ತದೆ, ತಂಪು ಮಾತ್ರ ಅಷ್ಟಕ್ಕಷ್ಟೇ. ಒಂದೂವರೆ ತಿಂಗಳಲ್ಲಿ ಅರ್ಧಕ್ಕರ್ಧ ನಾಜಲ್ (ನೀರು ಚಿಮ್ಮುವ ಸಣ್ಣ ರಂಧ್ರದ ಮೂತಿ) ಕಟ್ಟಿಕೊಂಡಿವೆ. ನಮ್ಮದು ಗಡಸು ನೀರು. ಹೈ ಪ್ರೆಶರ್ ಪಂಪ್ ಹಾಕಿಸಿದರೆ ಸರಿಹೋಗುತ್ತದೆಯೇ? ಎಷ್ಟು ನಾಜಲ್, ಎಂಥ ಪಂಪ್ ಬೇಕು?

ಉತ್ತರ: ಪಂಪ್ ಹಾಕಿಸಿದರೆ ನೆಲ ಒದ್ದೆಯಾಗುವುದು ಬಹುಮಟ್ಟಿಗೆ ನಿಲ್ಲುತ್ತದೆ. ತಂಪಾಗುತ್ತದೋ ಇಲ್ಲವೋ ಎಂಬುದನ್ನು ಮಾತ್ರ ಪಂಪ್ ತೀರ್ಮಾನಿಸುವುದಿಲ್ಲ, ನಿಮ್ಮಲ್ಲಿನ ಗಾಳಿ ತೀರ್ಮಾನಿಸುತ್ತದೆ. ಹಾಗಾಗಿ ದುಡ್ಡು ಬಿಚ್ಚುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ.

ಕೋಣೆಯ ಉಷ್ಣತೆ ತೋರಿಸುವ ಎರಡು ಥರ್ಮಾಮೀಟರ್ ತೆಗೆದುಕೊಳ್ಳಿ (ಜ್ವರ ನೋಡುವುದು ಬೇಡ). ಒಂದರ ಬುಡಕ್ಕೆ ತೆಳುವಾದ ಹತ್ತಿ ಬಟ್ಟೆ ಸುತ್ತಿ ನೀರಿನಲ್ಲಿ ನೆನೆಸಿ. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ, ನೆರಳಿನಲ್ಲಿ, ಎರಡಕ್ಕೂ ಐದು ನಿಮಿಷ ಫ್ಯಾನ್ ಗಾಳಿ ಬಿಡಿ. ಒಣ ಥರ್ಮಾಮೀಟರ್ 38 ಡಿಗ್ರಿ, ಒದ್ದೆಯದು 21 ತೋರಿಸಿದರೆ ಅಂತರ 17. ಗಾಳಿಗೆ ನೇರವಾಗಿ ನೀರು ಸಿಂಪಡಿಸಿ ಆವಿಯಾಗಿಸುವುದರಿಂದ ಆ 21ಕ್ಕಿಂತ ಕೆಳಗೆ ಇಳಿಸಲಾಗದು. ಬಯಲಿನಲ್ಲಿ ಅಂತರದ ಅರ್ಧದಷ್ಟು ಸಿಕ್ಕರೂ ಒಳ್ಳೆಯ ಫಲವೇ.

ಉಷ್ಣತೆ ಅದೇ 38 ಇದ್ದು ತೇವಾಂಶ ಶೇ 20ರ ಬದಲು ಶೇ 40 ಇದ್ದರೆ ಒದ್ದೆ ಬಟ್ಟೆಯ ಥರ್ಮಾಮೀಟರ್ 27ರ ಹತ್ತಿರ ನಿಲ್ಲುತ್ತದೆ, ಅಂತರ 11ಕ್ಕೆ ಕುಗ್ಗುತ್ತದೆ. 34 ಡಿಗ್ರಿ ಬಿಸಿಲು, ಶೇ 70 ತೇವಾಂಶ ಇರುವ ಕಡೆ ಅದು 29 ತೋರಿಸುತ್ತದೆ. ಅಂತರ ಬರೀ 5. ಇಂಥ ಕಡೆ ಎಷ್ಟೇ ಒಳ್ಳೆಯ ಪಂಪ್ ಹಾಕಿದರೂ ಎರಡು ಡಿಗ್ರಿ ಇಳಿದೀತು, ಆದರೆ ಗಾಳಿಯಲ್ಲಿ ತೇವ ಏರಿ ಮೈಬೆವರು ಆರುವುದು ನಿಧಾನವಾಗುತ್ತದೆ. ಕೂತವರಿಗೆ ಮೊದಲಿಗಿಂತ ಹೆಚ್ಚು ಸೆಖೆ ಅನಿಸಿದರೆ ಆಶ್ಚರ್ಯವಿಲ್ಲ. ಅಂತರ 10 ಡಿಗ್ರಿಗಿಂತ ಹೆಚ್ಚಿದ್ದರೆ ಧೈರ್ಯವಾಗಿ ಮುಂದುವರಿಯಿರಿ. 6ರಿಂದ 10ರ ನಡುವೆ ಇದ್ದರೆ ಮಿಸ್ಟ್ ಜೊತೆಗೆ ಫ್ಯಾನ್ ಇರಲೇಬೇಕು. 6ಕ್ಕಿಂತ ಕಡಿಮೆಯಾದರೆ ಆ ಹಣವನ್ನು ಒಳ್ಳೆಯ ಫ್ಯಾನ್‌ಗೂ ಮಾಡಿನ ಶಾಖ ತಡೆಯುವ ಕೆಲಸಕ್ಕೂ ಹಾಕುವುದೇ ಲೇಸು.

ಮಾಡಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇವೆ. ಕಾದ ಶೀಟಿನ ಅಡಿಗೆ ಕೈ ಚಾಚಿದಾಗ ಧಗೆ ತಗಲುತ್ತದೆಯಲ್ಲ, ಆ ವಿಕಿರಣ ಶಾಖವನ್ನು ಮಿಸ್ಟ್ ತಡೆಯುವುದಿಲ್ಲ. ಮೇಲ್ಮೈಗೆ ಬಿಳಿ ಬಣ್ಣ, ಅಡಿಗೆ ಶಾಖ ತಡೆಯುವ ಹಾಳೆ, ಪಶ್ಚಿಮದ ಕಡೆಗೆ ಒಂದು ತೆರೆ, ಇಷ್ಟಾದ ಮೇಲೆ ಪಂಪಿನ ಯೋಚನೆ.

ಇನ್ನು ನೆಲ ಏಕೆ ಒದ್ದೆಯಾಗುತ್ತಿದೆ ಎಂಬ ಪ್ರಶ್ನೆ. ಒಂದು ಲೀಟರ್ ನೀರು ಗಾಳಿಯಲ್ಲಿ ಪೂರ್ತಿ ಆವಿಯಾದರೆ ಸುಮಾರು 0.67 ಕಿಲೋವಾಟ್-ಗಂಟೆಯಷ್ಟು ಶಾಖವನ್ನು ಹೀರಿಕೊಳ್ಳುತ್ತದೆ. ಅದೇ ಲೀಟರ್ ನೀರು ಹನಿಯಾಗಿಯೇ ನೆಲಕ್ಕೆ ಬಿದ್ದರೆ ನೆಲದ ಬಿಸಿಯನ್ನು ಒಂದಿಷ್ಟು ಎಳೆದೀತು, ನೀವು ಕೂತಿರುವ ಗಾಳಿಗೆ ಅದರಿಂದ ಹೆಚ್ಚೇನೂ ಆಗದು. ಎಲ್ಲವೂ ಹನಿಯ ಗಾತ್ರದ ಮೇಲೆ ನಿಂತಿದೆ.

ನಲ್ಲಿಯ ಒತ್ತಡ ಸಾಮಾನ್ಯವಾಗಿ 2ರಿಂದ 4 ಬಾರ್. ಈ ಒತ್ತಡಕ್ಕೆ ನಾಜಲ್‌ನಿಂದ ಬರುವ ಹನಿಗಳು 100 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಆಸುಪಾಸಿನವು, ಕೆಲವು ಇನ್ನೂ ದಪ್ಪ. 70 ಬಾರ್‌ನಲ್ಲಿ, ನಾಜಲ್ ಸರಿಯಾಗಿದ್ದರೆ, 10ರಿಂದ 30 ಮೈಕ್ರಾನ್. ಈಗ ಒಂದೊಂದು ಹನಿಯ ಹಣೆಬರಹ ನೋಡೋಣ. ನಾಜಲ್ ನೆಲದಿಂದ ಎರಡೂವರೆ ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. 100 ಮೈಕ್ರಾನ್ ಹನಿ ಸೆಕೆಂಡಿಗೆ ಸುಮಾರು 27 ಸೆಂಟಿಮೀಟರ್ ವೇಗದಲ್ಲಿ ಇಳಿದು 9 ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಥರ್ಮಾಮೀಟರ್‌ಗಳ ಅಂತರ 15 ಡಿಗ್ರಿ ಇದ್ದರೆ ಅದು ಆರಲು ಬೇಕಾದದ್ದು 8 ಸೆಕೆಂಡು. ಅಂದರೆ ಒಣಹವೆಯಲ್ಲೂ ನೆಲದ ಹತ್ತಿರ ಬರುವವರೆಗೆ ಹನಿ ಉಳಿದೇ ಇರುತ್ತದೆ. ಅಷ್ಟರಲ್ಲಿ ನಿಮ್ಮ ತಲೆ, ಭುಜ, ಮೇಜು ಅದರ ದಾರಿಯಲ್ಲಿವೆ. ಅಂತರ 5 ಇದ್ದರೆ ಆರಲು 25 ಸೆಕೆಂಡು ಬೇಕು, ಹಾಗಾಗಿ ಬಹುತೇಕ ನೆಲಕ್ಕೇ. 20 ಮೈಕ್ರಾನ್ ಹನಿಯಾದರೋ ಸೆಕೆಂಡಿಗೆ ಒಂದೇ ಚಿಲ್ಲರೆ ಸೆಂಟಿಮೀಟರ್ ಇಳಿಯುತ್ತದೆ, ಒಣಹವೆಯಲ್ಲಿ ಸೆಕೆಂಡಿನ ಮೂರನೇ ಒಂದು ಪಾಲಿನಲ್ಲಿ ಮಾಯವಾಗುತ್ತದೆ. ಹನಿಗಳು ಗುಂಪಾಗಿರುವಲ್ಲಿ ಸುತ್ತಲ ಗಾಳಿಯೂ ತೇವಗೊಳ್ಳುವುದರಿಂದ ವಾಸ್ತವದಲ್ಲಿ ಇದಕ್ಕಿಂತ ತಡವಾಗುತ್ತದೆ. ಆದರೆ ಲೆಕ್ಕದ ಹದ ಇದೇ: ಹನಿಯ ವ್ಯಾಸ ಅರ್ಧವಾದರೆ ಆರುವ ಸಮಯ ಕಾಲು ಭಾಗವಾಗುತ್ತದೆ.

ಇದರಿಂದ ನಲ್ಲಿಯ ಕಿಟ್ ಕೆಲಸಕ್ಕೆ ಬಾರದ್ದು ಎಂದೇನಲ್ಲ. ಗಿಡಗಳ ಮೇಲೆ, ಹುಲ್ಲುಹಾಸಿನ ಮೇಲೆ, ಮೈ ಒದ್ದೆಯಾದರೂ ಪರವಾಗಿಲ್ಲ ಎನ್ನುವ ಕಡೆ ಅದು ಸಾಕು. ಕುರ್ಚಿ, ಮೇಜು ಇಟ್ಟು ಕೂರುವ ಜಾಗಕ್ಕೆ ಅದು ಹೊಂದುವುದಿಲ್ಲ. ಡಯಾಫ್ರಾಮ್ ಪಂಪ್ ಹಾಕಿ 8ರಿಂದ 15 ಬಾರ್‌ಗೆ ಏರಿಸುವ ನಡುವಿನ ದಾರಿಯೂ ಉಂಟು. ತೀರಾ ಒಣಹವೆ ಇದ್ದು, ನಾಜಲ್‌ಗಳನ್ನು ಮೂರು ಮೀಟರ್ ಎತ್ತರಕ್ಕೆ ಕಟ್ಟುವ ಅನುಕೂಲವಿದ್ದರೆ ಅದು ನಡೆಯುತ್ತದೆ.

ನಾಜಲ್ ಮತ್ತು ಪಂಪಿನ ಲೆಕ್ಕ

70 ಬಾರ್ ಒತ್ತಡದಲ್ಲಿ 0.15 ಮಿಲಿಮೀಟರ್ ರಂಧ್ರದ ನಾಜಲ್ ಗಂಟೆಗೆ ಸುಮಾರು 3.4 ಲೀಟರ್, 0.2 ಮಿಲಿಮೀಟರಿನದು 5 ಲೀಟರ್, 0.3ರದ್ದು 7.5 ಲೀಟರ್ ನೀರು ಬಿಡುತ್ತದೆ. ತಯಾರಕರಿಂದ ತಯಾರಕರಿಗೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ. ನಿಮ್ಮ ಜಾಗಕ್ಕೆ ಒಂದು ಉದ್ದನೆಯ ಬದಿ, ಒಂದು ಅಗಲದ ಬದಿ, ಒಟ್ಟು 12 ಮೀಟರ್ ಪೈಪ್ ಓಡಿಸಿ 60 ಸೆಂಟಿಮೀಟರಿಗೊಂದರಂತೆ 0.2ರ 20 ನಾಜಲ್ ಹಾಕಿ. ಗಂಟೆಗೆ 100 ಲೀಟರ್, ನಿಮಿಷಕ್ಕೆ 1.7 ಲೀಟರಿನಷ್ಟು ನೀರು. ಇದಕ್ಕೆ 70 ಬಾರ್‌ನಲ್ಲಿ ನಿಮಿಷಕ್ಕೆ 2 ಲೀಟರ್ ಕೊಡುವ ಪ್ಲಂಜರ್ ಪಂಪ್ (ಒಳಗಿನ ದಂಡ ಹಿಂದೆಮುಂದೆ ಆಡಿ ನೀರು ತಳ್ಳುವಂಥದ್ದು) ಹೊಂದುತ್ತದೆ. ಕರೆಂಟು 350 ವಾಟಿನ ಸುತ್ತಮುತ್ತ.

ಪಂಪ್ ಇದೆಯಲ್ಲ ಎಂದು ಆಮೇಲೆ ಎಂಟು ನಾಜಲ್ ಹೆಚ್ಚಿಗೆ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ಪ್ಲಂಜರ್ ಪಂಪ್ ತಳ್ಳುವ ನೀರು ಹೆಚ್ಚುಕಡಿಮೆ ನಿಗದಿಯಾದದ್ದು. ಅದು ತಾಳುವಷ್ಟು ನಾಜಲ್‌ಗಳ ಸುಮಾರು ಒಂದೂವರೆ ಪಟ್ಟು ಹಾಕಿದರೆ ಒತ್ತಡ ಅರ್ಧಕ್ಕೇ ಕುಸಿಯುತ್ತದೆ. ಹನಿ ಮತ್ತೆ ದಪ್ಪವಾಗುತ್ತದೆ, ನೆಲ ಮತ್ತೆ ಒದ್ದೆ. ಹಾಗೆಂದು ಬಹಳ ದೊಡ್ಡ ಪಂಪ್ ತರುವುದೂ ತಪ್ಪು. ಮಿಕ್ಕ ನೀರು ಬೈಪಾಸ್ ವಾಲ್ವಿನಲ್ಲಿ ಸುತ್ತಿ ಸುತ್ತಿ ಬಿಸಿಯಾಗುತ್ತದೆ, ಸೀಲುಗಳು ಬೇಗ ಹೋಗುತ್ತವೆ. ನಾಜಲ್‌ಗಳ ಒಟ್ಟು ಬೇಡಿಕೆಗಿಂತ ಶೇ 10ರಿಂದ 20 ಹೆಚ್ಚಿರಲಿ, ಅಷ್ಟೇ.

ಅಂದಹಾಗೆ ಆ 100 ಲೀಟರ್ ಎಷ್ಟು ತಣಿಸುತ್ತದೆ? ಇಲ್ಲಿ ಗಾಳಿಯ ಲೆಕ್ಕ ಬರುತ್ತದೆ. 8 ಮೀಟರ್ ಉದ್ದದ ಬದಿಗೆ ಎದುರಾಗಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ, ಅಂದರೆ ಮೈಗೆ ತಾಗಿದ್ದೇ ಗೊತ್ತಾಗದಷ್ಟು ಮೆಲ್ಲಗೆ ಗಾಳಿ ಹಾಯುತ್ತಿದ್ದರೆ, ಎರಡೂವರೆ ಮೀಟರ್ ಎತ್ತರಕ್ಕೆ ಸೆಕೆಂಡಿಗೆ 10 ಘನ ಮೀಟರ್ ಗಾಳಿ ನಿಮ್ಮ ಜಾಗದೊಳಗೆ ಹೊಕ್ಕು ಹೊರಡುತ್ತದೆ. ಅಷ್ಟು ಗಾಳಿಯನ್ನು 6 ಡಿಗ್ರಿ ತಣಿಸಲು ಗಂಟೆಗೆ ಸುಮಾರು 100 ಲೀಟರ್ ನೀರು ಪೂರ್ತಿ ಆವಿಯಾಗಬೇಕು. ಎಲೆಗಳು ಸರಪರ ಅನ್ನುವ ಗಾಳಿ ಎದ್ದರೆ, ಅದು ಸೆಕೆಂಡಿಗೆ 2 ಮೀಟರ್, ಅಷ್ಟೇ ನೀರಿಗೆ ಒಂದೂವರೆ ಡಿಗ್ರಿ ಮಾತ್ರ. ಮಿಕ್ಕ ತಂಪು ಪಕ್ಕದ ಮನೆಗೆ.

ಹಾಗಾಗಿ ನಾಜಲ್ ಹೆಚ್ಚಿಸುವ ಮೊದಲು ಗಾಳಿ ಬರುವ ಬದಿಗೆ ತೆರೆ, ಬಿದಿರಿನ ಚಾಪೆ, ಬಳ್ಳಿ, ಏನಾದರೂ ಒಂದು ಮರೆ ಕಟ್ಟಿ. ಪೂರ್ತಿ ಮುಚ್ಚಬೇಡಿ, ತೇವದ ಗಾಳಿ ಹೊರಹೋಗದಿದ್ದರೆ ಒಳಗೆ ಉಬ್ಬೆ ಹಾಕಿದಂತಾಗುತ್ತದೆ. ಅರ್ಧ ಮರೆ, ಮೇಲ್ಗಡೆ ಒಂದಡಿ ಖಾಲಿ, ಎದುರು ಬದಿ ತೆರೆದೇ ಇರಲಿ. ನಾಜಲ್ ಸಾಲು ಇರಬೇಕಾದದ್ದು ಗಾಳಿ ಒಳಬರುವ ಅಂಚಿನಲ್ಲಿ. ಹೊರಹೋಗುವ ಅಂಚಿಗೆ ಕಟ್ಟಿದರೆ ಬೀದಿ ತಂಪಾಗುತ್ತದೆ. ನಾಜಲ್ ಮುಖ ನೇರ ಕೆಳಕ್ಕೆ ಬೇಡ, 45 ಡಿಗ್ರಿ ಓರೆಯಾಗಿ ಖಾಲಿ ಜಾಗದ ಕಡೆಗಿರಲಿ. ಮುಂದೆ ಒಂದು ಮೀಟರಿನೊಳಗೆ ಕಂಬ, ಗೋಡೆ, ಲೈಟು ಯಾವುದೂ ಅಡ್ಡ ಇರಬಾರದು. ಮಂಜು ತಾಗಿದ ಕಂಬದಿಂದ ನೀರು ತೊಟ್ಟಿಕ್ಕಿದರೆ ನಾಜಲ್ಲನ್ನು ಬೈಯುವಂತಿಲ್ಲ.

ಗಡಸು ನೀರು

ನಿಮ್ಮ ಕಟ್ಟಿಕೊಂಡ ನಾಜಲ್‌ಗಳ ಕಥೆ ಇಲ್ಲಿದೆ. ಸಿಂಪಡಣೆ ನಿಂತ ಮೇಲೆ ರಂಧ್ರದ ಬಾಯಲ್ಲಿ ಉಳಿದ ಒಂದು ತೊಟ್ಟು ನೀರು ಆರುತ್ತದೆ, ಅದರಲ್ಲಿದ್ದ ಸುಣ್ಣದಂಶ ಅಲ್ಲೇ ಕೂರುತ್ತದೆ. ದಿನಕ್ಕೆ ಇಪ್ಪತ್ತು ಸಲ ನಿಲ್ಲಿಸಿ ಹಚ್ಚಿದರೆ ಇಪ್ಪತ್ತು ಪದರ. ನಾಜಲ್ ಕಟ್ಟುವುದಕ್ಕೆ ಓಡಿಸಿದ ಗಂಟೆಗಳಿಗಿಂತ ನಿಲ್ಲಿಸಿದ ಸಲಗಳೇ ಹೆಚ್ಚು ಕಾರಣ. ಅದಕ್ಕಾಗಿಯೇ ಒಳಗೆ ಸ್ಪ್ರಿಂಗ್ ಮತ್ತು ಸಣ್ಣ ಗುಂಡು ಇರುವ, ಒತ್ತಡ ಇಳಿದೊಡನೆ ತಾನೇ ಮುಚ್ಚಿಕೊಳ್ಳುವ ಆ್ಯಂಟಿ-ಡ್ರಿಪ್ ನಾಜಲ್ ತೆಗೆದುಕೊಳ್ಳಿ. ಜೊತೆಗೆ, ಪಂಪ್ ನಿಂತ ಕೂಡಲೇ ಲೈನಿನ ಒತ್ತಡವನ್ನು ಹೊರಬಿಡುವ, ವಿದ್ಯುತ್ತಿನಿಂದ ತೆರೆದು ಮುಚ್ಚುವ ಡ್ರೈನ್ ಸೊಲೆನಾಯ್ಡ್ ವಾಲ್ವ್ ಇರಲಿ. ಇದಿಲ್ಲದಿದ್ದರೆ ಒತ್ತಡ ಮೆಲ್ಲಗೆ ಇಳಿಯುತ್ತಾ ಒಂದೆರಡು ನಿಮಿಷ ದಪ್ಪ ಹನಿ ತೊಟ್ಟಿಕ್ಕುತ್ತಲೇ ಇರುತ್ತದೆ.

ನೀರಿನಲ್ಲಿ ಕರಗಿರುವ ಲವಣ ಲೀಟರಿಗೆ 300 ಮಿಲಿಗ್ರಾಂ ಎಂದುಕೊಳ್ಳಿ. ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿದರೆ ಅಂದಾಜು ಸಂಖ್ಯೆ ತೋರಿಸುತ್ತದೆ. ಗಂಟೆಗೆ 100 ಲೀಟರ್ ಆವಿಯಾದರೆ 30 ಗ್ರಾಂ ಬಿಳಿ ಪುಡಿ ಗಾಳಿಗೆ ಬಿಟ್ಟಂತಾಯಿತು, ದಿನಕ್ಕೆ ನಾಲ್ಕು ಗಂಟೆಗೆ 120 ಗ್ರಾಂ. ಕಿಟಕಿಯ ಗಾಜು, ಎಲೆ, ಕನ್ನಡಕದ ಮೇಲೆಲ್ಲ ಅದೇ. ನೆಲ ಒದ್ದೆಯಾಗುವಾಗ ಇದು ನೀರಿನೊಂದಿಗೆ ಹರಿದುಹೋಗುತ್ತಿತ್ತು. ಹೈ ಪ್ರೆಶರ್ ಹಾಕಿದ ಮೇಲೆ ಎದ್ದು ಕಾಣತೊಡಗುತ್ತದೆ, ಪಂಪ್ ಮಾರಿದವರು ಇದನ್ನು ಹೇಳಿರುವುದಿಲ್ಲ.

ಸಾಫ್ಟ್‌ನರ್ ಹಾಕಿದರೆ ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬರುತ್ತದೆ. ಒಟ್ಟು ಲವಣ ಕಡಿಮೆಯಾಗುವುದಿಲ್ಲ, ಪುಡಿ ಬೀಳುವುದು ತಪ್ಪುವುದಿಲ್ಲ. ಆದರೆ ಅದು ನಾಜಲ್‌ನಲ್ಲಿ ಕಲ್ಲುಗಟ್ಟದೆ, ಒದ್ದೆ ಬಟ್ಟೆಗೆ ಬಿಟ್ಟುಬರುತ್ತದೆ. ಪಾಲಿಫಾಸ್ಫೇಟ್ ಕಾರ್ಟ್ರಿಜ್ ಸುಣ್ಣ ಕಟ್ಟುವುದನ್ನು ನಿಧಾನಿಸುತ್ತದೆ ಅಷ್ಟೇ. ಲವಣವನ್ನೇ ತೆಗೆಯುವುದು ಆರ್‌ಒ. ಅದರಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ನೀರು ವ್ಯರ್ಥವಾಗಿ ಹೊರಹೋಗುತ್ತದೆ, ಗಂಟೆಗೆ 100 ಲೀಟರ್ ಕೊಡುವ ಯಂತ್ರ ಅಡುಗೆಮನೆಯದಕ್ಕಿಂತ ಬಹಳ ದೊಡ್ಡದು, ಮತ್ತು ಲವಣವಿಲ್ಲದ ನೀರು ಹಿತ್ತಾಳೆಯನ್ನು ಕೊರೆಯುವುದರಿಂದ ನಾಜಲ್, ಫಿಟಿಂಗ್ ಎಲ್ಲ ಸ್ಟೇನ್‌ಲೆಸ್ ಸ್ಟೀಲ್ ಆಗಬೇಕು. ಟಿಡಿಎಸ್ 200ರ ಒಳಗಿದ್ದರೆ ಫಿಲ್ಟರ್ ಸಾಕು, 500 ದಾಟಿದರೆ ಆರ್‌ಒ ಇಲ್ಲದೆ ಹೈ ಪ್ರೆಶರ್ ಕೈಹಾಕಬೇಡಿ ಎಂಬುದು ನಮ್ಮ ಸಲಹೆ. ನಡುವಿನದಕ್ಕೆ ಸಾಫ್ಟ್‌ನರ್ ಹಾಕಿ, ಒರೆಸುವ ಕೆಲಸಕ್ಕೆ ಸಿದ್ಧರಿರಿ. ಇವುಗಳಲ್ಲಿ ಯಾವುದಾದರೂ ಸರಿ, ನೀರು ಪಂಪಿಗೆ ಹೋಗುವ ಮೊದಲು 5 ಮೈಕ್ರಾನ್ ಫಿಲ್ಟರ್, ಅದರ ನಂತರ 1 ಮೈಕ್ರಾನ್ ಫಿಲ್ಟರ್ ತಪ್ಪಬಾರದು.

ಕಟ್ಟಿದ ನಾಜಲ್‌ಗೆ ಸೂಜಿ ಚುಚ್ಚಲೇಬೇಡಿ. 0.2 ಮಿಲಿಮೀಟರ್ ರಂಧ್ರ ಒಂದಿಷ್ಟು ಸೊಟ್ಟಗಾದರೂ ಮಂಜಿನ ಬದಲು ನೀರಿನ ಗೆರೆ ಚಿಮ್ಮುತ್ತದೆ, ಮತ್ತೆ ಸರಿಯಾಗದು. ಓ-ರಿಂಗ್ (ನೀರು ಸೋರದಂತೆ ಹಾಕಿದ ರಬ್ಬರ್ ಬಳೆ) ಬಿಚ್ಚಿಟ್ಟು, ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಒಂದೆರಡು ಗಂಟೆ ನೆನೆಸಿ, ತೊಳೆದು, ಬಾಯಿಯ ಕಡೆಯಿಂದ ಹಿಂದಕ್ಕೆ ಗಾಳಿ ಊದಿ. ಬಿಳಿ ವಿನೆಗರ್ ಆದರೂ ಆದೀತು. ಶೌಚಾಲಯ ತೊಳೆಯುವ ಆಮ್ಲ ಹಿತ್ತಾಳೆಯನ್ನೇ ತಿನ್ನುತ್ತದೆ.

ಜೋಡಿಸುವಾಗ

ಈಗಿರುವ ಪೈಪನ್ನು ಹೊಸ ಪಂಪಿಗೆ ಜೋಡಿಸಬೇಡಿ, ಸಿಡಿಯುತ್ತದೆ. ಪಿವಿಸಿಯೂ ಆಗದು. 70 ಬಾರ್‌ಗೆಂದೇ ಮಾಡಿದ 9.5 ಮಿಲಿಮೀಟರ್ ನೈಲಾನ್ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಪೈಪ್ ಬೇಕು. ನೈಲಾನ್ ಬಿಸಿಯಾದಷ್ಟೂ ತಾಳುವ ಒತ್ತಡ ಕಡಿಮೆಯಾಗುವುದರಿಂದ ನೇರ ಬಿಸಿಲಿಗೆ ಬೀಳುವ ಭಾಗಕ್ಕೆ ಸ್ಟೀಲ್ ಒಳ್ಳೆಯದು. ನೈಲಾನನ್ನು ಗರಗಸದಲ್ಲಿ ಕುಯ್ಯದೆ ಪೈಪ್ ಕಟರ್‌ನಿಂದ ನೇರವಾಗಿ ಕತ್ತರಿಸಿ. ಫಿಟಿಂಗ್ ಒಳಗೆ ಎಷ್ಟು ಹೋಗಬೇಕೆಂದು ಪೈಪಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ, ಗುರುತು ಮರೆಯಾಗುವವರೆಗೆ ಒತ್ತಿ. ಅರ್ಧ ಒತ್ತಿದ ಜೋಡಣೆ ಮೊದಲ ದಿನ ಹಿಡಿದುಕೊಂಡಿದ್ದು, ಬಿಸಿಲಿಗೆ ಪೈಪ್ ಮೆತ್ತಗಾದ ಮಧ್ಯಾಹ್ನ ಬಿಟ್ಟುಕೊಳ್ಳುತ್ತದೆ. ಪ್ರತಿ 60–70 ಸೆಂಟಿಮೀಟರಿಗೆ ಒಂದು ಕ್ಲಾಂಪ್ ಹಾಕಿ. ಡ್ರೈನ್ ವಾಲ್ವಿನ ಕಡೆಗೆ ಪೈಪ್ ಸ್ವಲ್ಪ ಇಳಿಜಾರಿರಲಿ.

ನಾಜಲ್ ಹಾಕುವ ಮುಂಚೆ ಲೈನಿನ ಕೊನೆಯ ಮುಚ್ಚಳ ತೆಗೆದು ಐದು ನಿಮಿಷ ನೀರು ಬಿಡಿ. ಕತ್ತರಿಸಿದಾಗ ಉದುರಿದ ಚೂರುಗಳು ಪೈಪಿನಲ್ಲೇ ಇರುತ್ತವೆ. ಫಿಲ್ಟರ್ ಅವುಗಳ ಹಿಂದೆ ಇರುವುದರಿಂದ ತಡೆಯಲಾರದು. ಹೊಚ್ಚಹೊಸ ನಾಜಲ್ ಮೊದಲ ದಿನವೇ ಕಟ್ಟಿದರೆ ಕಾರಣ ಬಹುತೇಕ ಇದೇ.

ಪಂಪಿಗೆ ನೀರು ಬರುವ ಬದಿಯಲ್ಲಿ ಒತ್ತಡ ಕುಸಿದರೆ ತಾನೇ ನಿಲ್ಲುವ ಸ್ವಿಚ್ ಇರಬೇಕು. ನೀರಿಲ್ಲದೆ ಕೆಲವು ನಿಮಿಷ ಓಡಿದರೂ ಪ್ಲಂಜರ್ ಸೀಲ್ ಸುಟ್ಟಂತೆಯೇ. ವಿದ್ಯುತ್ ಲೈನಿಗೆ 30 ಮಿಲಿಆಂಪಿಯರ್ ಸೋರಿಕೆಗೆ ಕಡಿತಗೊಳ್ಳುವ ಬ್ರೇಕರ್ ಹಾಕಿಸಿ. ಎಲ್ಲೋ ಸೋರುತ್ತಿದೆ ಎನಿಸಿದರೆ ಬೆರಳಿಟ್ಟು ಹುಡುಕಬೇಡಿ: 70 ಬಾರ್‌ನ ಸೂಜಿಗಾತ್ರದ ಚಿಲುಮೆ ಚರ್ಮ ತೂರಿ ಒಳಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ, ಪಂಪ್ ನಿಲ್ಲಿಸಿ, ಒತ್ತಡ ಸೊನ್ನೆಗೆ ಬಂದ ಮೇಲೆ ಕೈಹಾಕಿ.

ಓಡಿಸುವಾಗ ಮತ್ತು ಕೆಟ್ಟಾಗ

ತೇವಾಂಶ ಅತಿ ಕಡಿಮೆ ಇರುವುದು ಮಧ್ಯಾಹ್ನ 2ರಿಂದ 5ರ ನಡುವೆ, ಮಿಸ್ಟ್ ಹೆಚ್ಚು ಕೆಲಸ ಮಾಡುವುದೂ ಆಗಲೇ. ಬೆಳಗಿನ ಜಾವ, ರಾತ್ರಿ ಊಟದ ಹೊತ್ತು ಹಚ್ಚಿದರೆ ಬರೀ ತೇವ. ಶೇ 60–65 ತೇವಾಂಶಕ್ಕೆ ನಿಲ್ಲಿಸುವ ಹ್ಯುಮಿಡಿಸ್ಟಾಟ್ ಇದ್ದರೆ ಕೈಯಿಂದ ನೋಡುವ ಕಷ್ಟ ತಪ್ಪುತ್ತದೆ. ಟೈಮರ್ ಇಡುವುದಾದರೆ 5 ಸೆಕೆಂಡು ಓಟ, 5 ಸೆಕೆಂಡು ವಿರಾಮ ಎಂಬಂಥ ಚಿಕ್ಕ ಸುತ್ತು ಬೇಡ. ಪ್ರತಿ ಸಲ ಒತ್ತಡ ಏರುವಾಗ, ಇಳಿಯುವಾಗ ದಪ್ಪ ಹನಿಯೇ ಬರುವುದು. ಕನಿಷ್ಠ 20–30 ಸೆಕೆಂಡು ಓಡಲಿ. ಫ್ಯಾನ್ ಮಂಜಿನ ಹಿಂದಿನಿಂದ ಬೀಸಬೇಕು, ಕೂತವರ ತಲೆಯ ಮೇಲಿಂದ ಹಾಯುವಂತೆ.

ಗೇಜಿನಲ್ಲಿ ಒತ್ತಡ ಸರಿಯಿದ್ದು ಮಂಜು ತೆಳುವಾದರೆ ನಾಜಲ್ ಕಟ್ಟಿದೆ. ಒತ್ತಡವೇ ಇಳಿದಿದ್ದರೆ ಮೊದಲು ಫಿಲ್ಟರ್ ಬದಲಿಸಿ, ನಂತರ ಸೋರಿಕೆ ಹುಡುಕಿ, ಕೊನೆಗೆ ಪ್ಲಂಜರ್ ಸೀಲ್. ಪಂಪ್ ಜಲ್ಲಿಕಲ್ಲು ಅಲುಗಾಡಿಸಿದಂತೆ ಸದ್ದು ಮಾಡಿದರೆ ಅದಕ್ಕೆ ನೀರು ಸಾಲುತ್ತಿಲ್ಲ. ಪಂಪಿನೊಳಗಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲ್ ದಾಟಿ ನೀರು ಸೇರಿದೆ, ಅಂದೇ ನಿಲ್ಲಿಸಿ. ಒಂದೇ ನಾಜಲ್ ತೊಟ್ಟಿಕ್ಕುತ್ತಿದ್ದರೆ ಅದರ ಓ-ರಿಂಗ್ ಅಥವಾ ಸ್ಪ್ರಿಂಗ್. ಎಲ್ಲವೂ ತೊಟ್ಟಿಕ್ಕುತ್ತಿದ್ದರೆ ಡ್ರೈನ್ ವಾಲ್ವ್.

ಆರೋಗ್ಯದ ವಿಷಯವೊಂದಿದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಲೆಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಸಣ್ಣ ಹನಿಗಳ ಮೂಲಕ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ತರುತ್ತದೆ. 1989ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ದಿನಸಿ ಅಂಗಡಿಯೊಂದರಲ್ಲಿ ತರಕಾರಿ ಬಾಡದಂತೆ ಇಟ್ಟಿದ್ದ ಮಿಸ್ಟ್ ಯಂತ್ರದಿಂದಲೇ ಈ ಕಾಯಿಲೆ ಹರಡಿತ್ತು. ಬಿಸಿಲಿಗೆ ಕಾದ, ನೀರು ತುಂಬಿದ ಪೈಪ್ ಅದಕ್ಕೆ ಹೇಳಿ ಮಾಡಿಸಿದ ಜಾಗ. ಆದ್ದರಿಂದ ಕುಡಿಯಲು ಯೋಗ್ಯವಾದ ನೀರನ್ನೇ ಬಳಸಿ. ನಡುವೆ ತೆರೆದ ತೊಟ್ಟಿ, ಡ್ರಮ್ಮು ಬೇಡ. ಪ್ರತಿ ಸಲ ಲೈನ್ ಬರಿದಾಗಬೇಕು. ಮೂರ್ನಾಲ್ಕು ದಿನ ನಿಲ್ಲಿಸಿದ್ದರೆ ಯಾರನ್ನೂ ಕೂರಿಸುವ ಮೊದಲು ಕೊನೆಯ ಮುಚ್ಚಳ ಬಿಚ್ಚಿ ಹಳೆಯ ನೀರನ್ನು ಹರಿಸಿಬಿಡಿ.

ಬೇಸಿಗೆಯ ಆರಂಭದಲ್ಲಿ ಒಮ್ಮೆ ಲೈನನ್ನು ಕ್ಲೋರಿನ್‌ನಿಂದ ತೊಳೆಯಿರಿ: 10 ಲೀಟರ್ ನೀರಿಗೆ ಶೇ 5ರ, ಸುವಾಸನೆ ಬೆರೆಸದ ಬ್ಲೀಚ್ ದ್ರಾವಣ 10 ಮಿಲಿಲೀಟರ್ ಹಾಕಿದರೆ ಲೀಟರಿಗೆ 50 ಮಿಲಿಗ್ರಾಂ ಆಗುತ್ತದೆ. ನಾಜಲ್ ಬಿಚ್ಚಿ, ಆ ತೂತುಗಳಿಗೆ ಪ್ಲಗ್ ಹಾಕಿ, ಆರ್‌ಒ ಇದ್ದರೆ ಅದನ್ನು ಬದಿಗಿಟ್ಟು, ಪೈಪ್ ತುಂಬಿಸಿ ಒಂದು ಗಂಟೆ ಬಿಡಿ. ನಂತರ ವಾಸನೆ ಹೋಗುವವರೆಗೆ ತೊಳೆಯಿರಿ. ಈ ನೀರನ್ನು ಮಂಜಾಗಿ ಸಿಂಪಡಿಸುವಂತಿಲ್ಲ, ಸಿಟ್ರಿಕ್ ಆಮ್ಲ ಅಥವಾ ವಿನೆಗರ್ ಜೊತೆ ಬೆರೆಸುವಂತೆಯೂ ಇಲ್ಲ; ಬೆರೆತರೆ ವಿಷಾನಿಲ ಏಳುತ್ತದೆ. ಬೇಸಿಗೆ ಮುಗಿದಾಗ ಲೈನ್, ಫಿಲ್ಟರ್ ಬೋಗುಣಿ ಎರಡನ್ನೂ ಬರಿದು ಮಾಡಿ, ನಾಜಲ್‌ಗಳನ್ನು ಬಿಚ್ಚಿ ಸಿಟ್ರಿಕ್ ಆಮ್ಲದಲ್ಲಿ ಅದ್ದಿ ತೊಳೆದು ಒಣಗಿಸಿ ಡಬ್ಬಿಯಲ್ಲಿಡಿ. ಹಳೆಯ ಫಿಲ್ಟರ್ ಕಾರ್ಟ್ರಿಜ್‌ಗಳನ್ನು ಮುಂದಿನ ವರ್ಷಕ್ಕೆಂದು ಎತ್ತಿಡದೆ ಬಿಸಾಡಿ.